ಲೋಗೋ ದೊಡ್ಡದು ಮಾಡಿ ಅಂದ್ರೆ ಏನರ್ಥ?

"ಲೋಗೋ ಸ್ವಲ್ಪ ದೊಡ್ಡದು ಮಾಡಿ." "ಏನೋ ಒಂದು ಮಿಸ್ಸಿಂಗ್ ಅನ್ನಿಸ್ತಿದೆ." "ಕಲರ್ ಇನ್ನೂ ಎದ್ದು ಕಾಣ್ಬೇಕು." "ಚೆನ್ನಾಗಿದೆ, ಆದ್ರೆ ಫಸ್ಟ್ ಕಳ್ಸಿದ್ರಲ್ಲ, ಅದೇ ಇರ್ಲಿ ಬಿಡಿ."

ಫೆಸ್ಟ್‌ಗೆ ಪೋಸ್ಟರ್ ಮಾಡಿದವರು, ಊರಲ್ಲಿ ಪರಿಚಯದವರ ಅಂಗಡಿಗೆ ಮೆನು ಕಾರ್ಡ್ ಮಾಡಿಕೊಟ್ಟವರು, ಫ್ರೀಲಾನ್ಸ್ ಅಂತ ಮೊದಲ ಐನೂರು ರೂಪಾಯಿ ಕಂಡವರು, ಎಲ್ಲರೂ ಈ ನಾಲ್ಕು ವಾಕ್ಯ ಕೇಳಿಯೇ ಇರ್ತೀವಿ. ಇವುಗಳ ಮೇಲೆ ಬೇಕಾದಷ್ಟು ಮೀಮ್‌ಗಳಿವೆ. ಎಲ್ಲ ಮೀಮ್‌ಗಳ ಸಾರಾಂಶ ಒಂದೇ: ಕ್ಲೈಂಟ್‌ಗೆ ಏನೂ ಗೊತ್ತಿಲ್ಲ, ಡಿಸೈನರ್ ಪಾಪ.

ನಗು ಬರತ್ತೆ, ನಿಜ. ಆದ್ರೆ ನಮ್ಮ ಕ್ಲಬ್‌ನ ಡಿಸೈನ್ ಟೀಮ್‌ನಲ್ಲಿರೋ ನಾವು ಐದಾರು ಜನ ಆ ಸಾರಾಂಶವನ್ನು ಒಪ್ಪಲ್ಲ. ನಾವ್ಯಾರೂ ಡಿಸೈನ್ ಓದ್ತಿಲ್ಲ. ಇಬ್ಬರು ಮೆಕ್ಯಾನಿಕಲ್, ಒಬ್ಬರು ಸಿವಿಲ್, ಉಳಿದವರು ಸಿಎಸ್. ಕ್ಯಾನ್ವಾದಿಂದ ಶುರು ಮಾಡಿ ಫಿಗ್ಮಾ, ಫೋಟೋಶಾಪ್ ಕಲಿತಿದ್ದು ಯೂಟ್ಯೂಬ್ ನೋಡಿ. ಹಾಗಾಗಿ ಇದನ್ನು ದೊಡ್ಡ ಪ್ರೊಫೆಶನಲ್‌ಗಳ ಉಪದೇಶ ಅಂದ್ಕೋಬೇಡಿ. ಆದ್ರೂ ಕ್ಲೈಂಟ್ ಫೀಡ್‌ಬ್ಯಾಕ್ ಅನ್ನೋದನ್ನ ಅರ್ಥ ಮಾಡ್ಕೊಳ್ಳೋದು ಎಂಜಿನಿಯರಿಂಗ್ ಓದೋರಿಗೆ ಸುಲಭ ಆಗಬೇಕು ಅನ್ನೋದು ನಮ್ಮ ವಾದ.

ಯಾಕೆ ಅಂದ್ರೆ, ಫಸ್ಟ್ ಇಯರ್‌ನ ಸಿ ಪ್ರೋಗ್ರಾಮಿಂಗ್ ಲ್ಯಾಬ್ ನೆನಪಿಸಿಕೊಳ್ಳಿ. ಕಂಪೈಲರ್ 41ನೇ ಲೈನ್‌ನಲ್ಲಿ ಎರರ್ ಅನ್ನತ್ತೆ. ಹೋಗಿ ನೋಡಿದ್ರೆ ಆ ಲೈನ್‌ನಲ್ಲಿ ಏನೂ ತಪ್ಪಿರಲ್ಲ, 40ನೇ ಲೈನ್‌ನ ಕೊನೆಯಲ್ಲಿ ಸೆಮಿಕೋಲನ್ ಇರಲ್ಲ. ಆಗ ಕಂಪೈಲರ್‌ಗೆ ಬುದ್ಧಿ ಇಲ್ಲ ಅಂತ ಯಾರೂ ಲ್ಯಾಬ್ ಬಿಟ್ಟು ಎದ್ದು ಹೋಗಲ್ಲ. ಹಾಗಂತ 41ನೇ ಲೈನ್ ಅಳಿಸಿ ಕೈ ತೊಳ್ಕೊಳ್ಳೋದೂ ಇಲ್ಲ. ಇಲ್ಲೆಲ್ಲೋ ಏನೋ ಕೆಟ್ಟಿದೆ ಅಂತ ತಿಳ್ಕೊಂಡು ಮೇಲೆ ಕೆಳಗೆ ಹುಡುಕ್ತೀವಿ. "ಲೋಗೋ ದೊಡ್ಡದು ಮಾಡಿ" ಅನ್ನೋದು 41ನೇ ಲೈನ್. ಕ್ಲೈಂಟ್‌ಗೆ ಏನೋ ಚುಚ್ಚುತ್ತಿದೆ, ಅದು ಸತ್ಯ. ಅವರು ಹೇಳಿದ ಪರಿಹಾರವೇ ಸರಿ ಅಂತೇನಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡೋದೇ ಕೆಲಸ.

ಒಂದು ಬೇಕರಿ ಅಂದ್ಕೊಳ್ಳಿ. ಬೋರ್ಡಿನ ಡಿಸೈನ್ ನೋಡಿ ಮಾಲೀಕರು ಹೆಸರು ದೊಡ್ಡದು ಮಾಡು ಅಂತಾರೆ. ತಕ್ಷಣ ಎಳೆದು ದೊಡ್ಡದು ಮಾಡೋದು ಒಂದು ದಾರಿ, ಸಿಟ್ಟು ಮಾಡ್ಕೊಂಡು ಖಾಲಿ ಜಾಗದ ಮಹತ್ವದ ಬಗ್ಗೆ ಭಾಷಣ ಬಿಗಿಯೋದು ಇನ್ನೊಂದು. ಮೂರನೇದು, ಸುಮ್ನೆ ಕೇಳೋದು: "ಸಾರ್, ದೊಡ್ಡದಾದ್ರೆ ಏನು ಸರಿ ಹೋಗತ್ತೆ?" ಅವರು "ರೋಡಿನ ಆಚೆ ಬಸ್ ಸ್ಟಾಪಿಂದ ಕಾಣ್ಬೇಕಲ್ಲಪ್ಪಾ" ಅಂದ್ರೆ, ಸಮಸ್ಯೆ ಸೈಜ್ ಆಗಿರದೇ ಇರಬಹುದು. ಕಂದು ಹಿನ್ನೆಲೆ ಮೇಲೆ ಹೆಚ್ಚುಕಡಿಮೆ ಅದೇ ಕಂದು ಅಕ್ಷರ ಹಾಕಿದ್ರೆ ದೊಡ್ಡದು ಮಾಡಿದ್ರೂ ದೂರಕ್ಕೆ ಸರಿಯಾಗಿ ಕಾಣಲ್ಲ. "ಪಕ್ಕದ ಅಂಗಡಿಯವರದ್ದು ನಮ್ಮದಕ್ಕಿಂತ ದೊಡ್ಡದಿದೆ" ಅಂದ್ರೆ ಅದು ಬೇರೆ ವಿಷಯ. "ಅದು ನಮ್ಮಪ್ಪ ಇಟ್ಟ ಹೆಸರು" ಅಂದ್ರೆ ಮಾತ್ರ ಬಾಯಿ ಮುಚ್ಕೊಂಡು ದೊಡ್ಡದು ಮಾಡಿ. ಯಾವ ಡಿಸೈನ್ ಪುಸ್ತಕದಲ್ಲೂ ಆ ಕಾರಣ ಇರಲಿಕ್ಕಿಲ್ಲ, ಆದ್ರೆ ಮೂರರಲ್ಲಿ ಅದೇ ಗಟ್ಟಿ ಕಾರಣ.

ಎಷ್ಟೋ ಸಲ ಕ್ಲೈಂಟ್ ಹೇಳೋ ತಪ್ಪು ನಮ್ಮ ಫೈಲ್‌ನಲ್ಲೇ ಇರಲ್ಲ. "ಬ್ಲರ್ ಆಗಿದೆ" ಅಂತಾರೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡಿ ಥರ ಇದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳ್ಸಿದ್ರೆ ಅದು ಸೈಜ್ ಇಳಿಸಿ ಕಳ್ಸತ್ತೆ, ಅವರು ನೋಡಿದ್ದು ಅದನ್ನ. ಡಾಕ್ಯುಮೆಂಟ್ ಆಗಿ ಕಳ್ಸಿದ್ರೆ ಮುಗೀತು. "ಫ್ಲೆಕ್ಸ್‌ನಲ್ಲಿ ಬಣ್ಣ ಸತ್ತು ಹೋಗಿದೆ" ಅಂತಾರೆ. ಸ್ಕ್ರೀನ್ ಕೆಂಪು, ಹಸಿರು, ನೀಲಿ ಬೆಳಕು ಸೇರಿಸಿ ಬಣ್ಣ ಮಾಡತ್ತೆ. ಪ್ರಿಂಟರ್ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಯಿಂದ ಮಾಡತ್ತೆ. ಮೊಬೈಲ್‌ನಲ್ಲಿ ಉರಿಯೋ ಆ ನಿಯಾನ್ ಹಸಿರು ಶಾಯಿಯಲ್ಲಿ ಬರೋದೇ ಇಲ್ಲ. ಇದನ್ನ ಕ್ಲೈಂಟ್ ತಿಳ್ಕೊಂಡಿರಬೇಕು ಅಂತ ಎಲ್ಲೂ ಬರೆದಿಲ್ಲ. ಮೊದಲೇ ಒಂದು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ತೋರಿಸಿದ್ರೆ ಜಗಳ ಅಲ್ಲೇ ಮುಗಿಯತ್ತೆ.

ಡಿಸೈನ್ ಗೊತ್ತಿಲ್ಲದವರ ಮಾತಿಗೆ ಬೆಲೆ ಇಲ್ಲ ಅನ್ನೋರಿಗೆ ಟ್ರಾಪಿಕಾನಾ ಕತೆ ಗೊತ್ತಿರಲಿ. 2009ರ ಶುರುವಿನಲ್ಲಿ ಅಮೆರಿಕದಲ್ಲಿ ಆ ಜ್ಯೂಸ್ ಕಂಪನಿ ತನ್ನ ಡಬ್ಬಿಯ ರೂಪ ಬದಲಾಯಿಸಿತು. ಕಿತ್ತಳೆ ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೇ ಚಿತ್ರ ಹೋಯ್ತು, ಗ್ಲಾಸಿನಲ್ಲಿ ಜ್ಯೂಸ್ ಬಂತು, ಹೆಸರು ತಿರುಗಿ ಉದ್ದಕ್ಕೆ ನಿಂತಿತು. ನೋಡೋಕೆ ಕ್ಲೀನ್ ಆಗಿಯೇ ಇತ್ತು. ಆದ್ರೆ ತಮ್ಮ ಜ್ಯೂಸ್ ಯಾವುದು ಅಂತ ಗುರುತೇ ಸಿಗ್ತಿಲ್ಲ, ಯಾವುದೋ ಅಗ್ಗದ ಬ್ರ್ಯಾಂಡ್ ಥರ ಇದೆ ಅಂತ ಜನ ಬೈದರು. ಮಾರಾಟ ಬಿತ್ತು. ಎರಡು ತಿಂಗಳೊಳಗೆ ಕಂಪನಿ ಹಳೇ ಡಬ್ಬಿಗೇ ವಾಪಸ್ ಹೋಗೋದಾಗಿ ಹೇಳಿತು. ಬೈದವರಿಗೆ ಕರ್ನಿಂಗ್, ಗ್ರಿಡ್ ಅಂದ್ರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ತಮ್ಮ ಫ್ರಿಜ್‌ನಲ್ಲಿ ಏನಿರತ್ತೆ ಅಂತ ಗೊತ್ತಿತ್ತು.

ಈಗ ನಮ್ಮ ಮ್ಯಾಗಜಿನ್‌ಗೆ ಹತ್ತಿರದ ವಿಷಯ, ಕನ್ನಡ ಅಕ್ಷರಗಳು. ಇಲ್ಲಿ ಕ್ಲೈಂಟ್ ಮಾತು ಕೇಳಲೇಬೇಕು ಅನ್ನೋಕೆ ನಮಗೆ ಬೇರೆಯದೇ ಕಾರಣ ಇದೆ. ನಮ್ಮ ಟೀಮ್‌ನಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಕನ್ನಡ ಓದಿದ್ದು ಸೆಕೆಂಡ್ ಲ್ಯಾಂಗ್ವೇಜ್, ಕೆಲವರದ್ದು ಥರ್ಡ್. ನಮಗೆ ಡಿಸೈನ್ ಕಲಿಸೋ ವಿಡಿಯೋಗಳೂ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ಮಾತಾಡ್ತವೆ. ಇಂಗ್ಲಿಷ್‌ನಲ್ಲಿ ಸಾಲಿನಿಂದ ಕೆಳಗೆ ಇಳಿಯೋದು ಸಣ್ಣ ಜಿ, ಪಿ, ವೈ ಥರದ ಕೆಲವು ಅಕ್ಷರಗಳ ಬಾಲ ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ ಇಳಿಯತ್ತೆ. 'ರಾಷ್ಟ್ರ', 'ಶಾಸ್ತ್ರ' ಬಂದ್ರೆ ಒಂದಲ್ಲ, ಎರಡು ಒತ್ತು. ಫೋಟೋಶಾಪ್ ತಾನಾಗೇ ಕೊಡೋ ಸಾಲಿನ ಅಂತರ ಅಕ್ಷರದ ಗಾತ್ರದ 120%. ಇಂಗ್ಲಿಷ್‌ಗೆ ಅದು ಹಾಯಾಗಿ ಸಾಕು. ಕನ್ನಡದಲ್ಲಿ ಅಷ್ಟೇ ಬಿಟ್ಟರೆ ಎಷ್ಟೋ ಫಾಂಟ್‌ಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದತ್ತೆ.

ಇಂಥದ್ದನ್ನ ಮೊದಲು ಹಿಡಿಯೋದು ಯಾರು? ದಿನಾ ಬೆಳಿಗ್ಗೆ ಕಾಫಿ ಜೊತೆ ಪೇಪರ್ ಓದೋ ಅಂಗಡಿ ಯಜಮಾನರು. ಅವರು ಲೈನ್ ಸ್ಪೇಸಿಂಗ್ ಅಂತ ಹೇಳಲ್ಲ. "ಅಕ್ಷರ ಒಂಥರಾ ಗಜಿಬಿಜಿ ಆಗಿದೆ ಕಣಮ್ಮಾ" ಅಂತಾರೆ. ಆ 'ಗಜಿಬಿಜಿ' ಅನ್ನೋ ಪದದೊಳಗೆ ಒಂದು ಪೂರ್ತಿ ಟೈಪೋಗ್ರಫಿ ಪಾಠ ಇದೆ. ಅವರು ಓದೋ ಕಣ್ಣಿನಿಂದ ನೋಡ್ತಿದ್ದಾರೆ, ನಮ್ಮಲ್ಲಿ ಹಲವರು ಕನ್ನಡವನ್ನು ಚಿತ್ರದ ಥರ ನೋಡ್ತೀವಿ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳನ್ನ ದೂರ ದೂರ ಇಟ್ಟು ಸ್ಟೈಲಿಶ್ ಮಾಡೋ ಹಾಗೆ ಕನ್ನಡವನ್ನೂ ಹಿಗ್ಗಿಸಿದ್ರೆ ಪದ ಒಡೆದು ಬಿಡಿ ಬಿಡಿ ಅಕ್ಷರ ಆಗಿ ಕಾಣತ್ತೆ. "ಹೆಸರು ಸೇರಿಸಿ ಬರೀರಿ" ಅಂತ ಫೀಡ್‌ಬ್ಯಾಕ್ ಬಂದ್ರೆ ಮರು ಮಾತಾಡದೆ ಸೇರಿಸಿ.

ಇದರ ಇನ್ನೊಂದು ಮುಖವೂ ಇದೆ. ಕ್ಲೈಂಟ್ ಒಪ್ಪಿದ್ರೂ ನಾವು ಒಪ್ಪಬಾರದ ಕೆಲವು ಇವೆ. ಹಳೇ ವರ್ಷನ್ ಫೋಟೋಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆಯ್ಕೆ ಮಾಡದಿದ್ರೆ ಒತ್ತುಗಳು ಕೆಳಗಿಳಿಯದೆ ಬಿಡಿಯಾಗಿ ಪಕ್ಕದಲ್ಲಿ ಬಂದು ನಿಲ್ಲೋದುಂಟು. 'ಕನ್ನಡ' ಅನ್ನೋ ಪದವೇ 'ಕನ್‌ನಡ' ಆಗಿಬಿಡತ್ತೆ. ಅದೂ ರಾಜ್ಯೋತ್ಸವದ ಬ್ಯಾನರ್‌ನಲ್ಲಿ! "ಟೈಮ್ ಇಲ್ಲ, ಹಾಗೇ ಪ್ರಿಂಟ್‌ಗೆ ಕೊಡಿ" ಅಂತ ಯಾರೇ ಹೇಳಲಿ, ಅಲ್ಲಿ ಇಲ್ಲ ಅನ್ನಬೇಕು. ಆ ಸೆಟ್ಟಿಂಗ್ ಬದಲಾಯಿಸೋಕೆ ಐದು ನಿಮಿಷವೂ ಬೇಡ. ಫಾಂಟ್ ಇಲ್ಲ ಅನ್ನೋದೂ ಈಗ ನೆಪ ಅಷ್ಟೇ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಫ್ರೀಯಾಗಿ ಸಿಗ್ತವೆ. ಹುಬ್ಬಳ್ಳಿ ಅಂತಲೇ ಒಂದು ಫಾಂಟ್ ಇದೆ, ಬೆಣ್ಣೆ ಅಂತ ಇನ್ನೊಂದಿದೆ. (ದಾವಣಗೆರೆಯವರು ಸುಮ್ನಿರಿ.)

ಹಾಗೇ "ಇಂಗ್ಲಿಷ್ ದೊಡ್ಡದಾಗಿ ಹಾಕಿ, ಕನ್ನಡ ಮೂಲೆಯಲ್ಲಿ ಇರ್ಲಿ" ಅನ್ನೋ ಅಂಗಡಿಯವರು ಸಿಗ್ತಾರೆ. ಅವರ ಹತ್ರ ಭಾಷಾಭಿಮಾನದ ವಾದ ಶುರು ಮಾಡೋಕಿಂತ ಮುಂಚೆ ಒಂದು ಮಾಹಿತಿ ಕೊಟ್ರೆ ಸಾಕು. 2024ರ ತಿದ್ದುಪಡಿ ಪ್ರಕಾರ ಕರ್ನಾಟಕದಲ್ಲಿ ಅಂಗಡಿಗಳ ನಾಮಫಲಕದಲ್ಲಿ 60% ಕನ್ನಡ ಇರಲೇಬೇಕು. ಬೋರ್ಡ್ ಮಾಡಿಸಿ, ದುಡ್ಡು ಕೊಟ್ಟು, ಆಮೇಲೆ ಕೆಳಗಿಳಿಸೋ ಪರಿಸ್ಥಿತಿ ಬಂದ್ರೆ ನಷ್ಟ ಅವರದ್ದೇ. ಕ್ಲೈಂಟ್‌ಗೆ ಗೊತ್ತಿಲ್ಲದ್ದನ್ನ ಮೊದಲೇ ಹೇಳೋದು ನಮ್ಮ ಕೆಲಸದ ಭಾಗ, ಅದಕ್ಕೂ ಸೇರಿಸಿಯೇ ಅವರು ದುಡ್ಡು ಕೊಡೋದು.

"ನಾನು ಕೊಟ್ಟಿದ್ದೇ ಫೈನಲ್" ಅನ್ನೋ ಸ್ನೇಹಿತರೂ ನಮ್ಮಲ್ಲಿದ್ದಾರೆ. ಅವರ ದೇವರು ಪಾಲ್ ರ್‍ಯಾಂಡ್. ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ಶುರು ಮಾಡಿದ ನೆಕ್ಸ್ಟ್ ಕಂಪನಿಗೆ 1986ರಲ್ಲಿ ಲೋಗೋ ಮಾಡಿದ್ದು ಈ ಮನುಷ್ಯ. ಒಂದೇ ಲೋಗೋ ಕೊಟ್ಟರು, ಬೇರೆ ಆಪ್ಷನ್ ಕೊಡಲ್ಲ ಅಂದ್ರು, ಒಂದು ಲಕ್ಷ ಡಾಲರ್ ತಗೊಂಡ್ರು. ರೀಲ್ಸ್‌ನಲ್ಲಿ ಕತೆ ಇಲ್ಲಿಗೇ ನಿಲ್ಲತ್ತೆ. ಆ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು, ಐಬಿಎಂ, ಯುಪಿಎಸ್, ಎಬಿಸಿ ಲೋಗೋಗಳು ಅವರ ಹೆಸರಲ್ಲಿದ್ವು ಅನ್ನೋದು ರೀಲ್‌ನಲ್ಲಿ ಬರಲ್ಲ. ಲೋಗೋ ಜೊತೆ ಒಂದು ದಪ್ಪ ಕಿರುಹೊತ್ತಿಗೆ ಕೊಟ್ಟು, ಆ ಬಣ್ಣ ಯಾಕೆ, ಆ ಅಕ್ಷರ ಯಾಕೆ, ಆ ಓರೆ ಯಾಕೆ ಅಂತ ಹಂತ ಹಂತವಾಗಿ ವಿವರಿಸಿದ್ರು ಅನ್ನೋದೂ ಬರಲ್ಲ. ಫೀಡ್‌ಬ್ಯಾಕ್‌ನಲ್ಲಿ ಬರಬಹುದಾದ ಪ್ರಶ್ನೆಗಳಿಗೆಲ್ಲ ಅವರು ಮೊದಲೇ ಉತ್ತರ ಬರೆದಿಟ್ಟಿದ್ರು. ನಾವು ವಾಟ್ಸಾಪ್‌ನಲ್ಲಿ ಒಂದು ಜೆಪೆಗ್ ಬಿಸಾಕಿ "ಹೇಗಿದೆ?" ಅಂತ ಕೇಳ್ತೀವಿ. ಹೇಗಿದೆ ಅಂತ ಕೇಳಿದ್ರೆ ಹೇಗಿದೆ ಅಂತಲೇ ಹೇಳ್ತಾರೆ. "ಶುಕ್ರವಾರ, ಓಪನ್ ಆಡಿಟೋರಿಯಂ, ಫ್ರೀ ಎಂಟ್ರಿ, ಈ ಮೂರೂ ಕಾರಿಡಾರ್‌ನಲ್ಲಿ ನಡ್ಕೊಂಡು ಹೋಗ್ತಾ ಓದೋಕಾಗತ್ತಾ?" ಅಂತ ಕೇಳಿ ನೋಡಿ, ಉತ್ತರವೂ ಕೆಲಸಕ್ಕೆ ಬರೋ ಥರ ಬರತ್ತೆ.

ಕಾಲೇಜಿನೊಳಗಿನ ಕ್ಲೈಂಟ್‌ಗಳದ್ದು ಇನ್ನೊಂದು ಕಷ್ಟ. ಸಂಖ್ಯೆ! ಫೆಸ್ಟ್ ಗ್ರೂಪಿನಲ್ಲಿ ಹನ್ನೆರಡು ಕೋಆರ್ಡಿನೇಟರ್‌ಗಳು. ಒಬ್ಬರಿಗೆ ಡಾರ್ಕ್ ಥೀಮ್ ಬೇಕು, ಇನ್ನೊಬ್ಬರಿಗೆ ಯಕ್ಷಗಾನದ ಮುಖ ಬೇಕು, ಮೂರನೆಯವರು ಬರೀ ಥಂಬ್ಸ್ ಅಪ್. ರಾತ್ರಿ ಎರಡಕ್ಕೆ ಎಲ್ಲ ಮುಗಿಸಿ 'ಫೈನಲ್ ಫೈನಲ್ 3' ಕಳ್ಸಿದ್ರೆ ಬೆಳಿಗ್ಗೆ ಫ್ಯಾಕಲ್ಟಿ ಸಾರ್ ನೋಡಿ "ಇದ್ಯಾಕೆ ಕಪ್ಪು?" ಅಂತಾರೆ. ಇಂಟರ್ನಲ್ಸ್ ಮಾರ್ಕ್ಸ್ ಕೊಡೋರ ಹತ್ರ ವಾದ ಮಾಡೋದು ಹೇಗೆ ಅಂತ ಯಾವ ಯೂಟ್ಯೂಬ್ ವಿಡಿಯೋನೂ ಹೇಳಿಕೊಡಲ್ಲ. ನಮ್ಮ ಅನುಭವದಲ್ಲಿ ಒಂದೇ ದಾರಿ ನಡೆಯತ್ತೆ. ಅವರು ಹೇಳಿದ್ದನ್ನೂ ಮಾಡಿ, ನಮ್ಮದನ್ನೂ ಇಟ್ಟು, ಎರಡರ ಪ್ರಿಂಟ್ ತೆಗೆದು ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಅಂಟಿಸಿ, "ಸಾರ್, ಹತ್ತು ಅಡಿ ದೂರದಿಂದ ನೋಡ್ತೀರಾ?" ಅಂತ ಕರೆಯೋದು. ರಾಜ್ಯೋತ್ಸವದ ಪೋಸ್ಟರ್‌ಗೆ ತಿಳಿ ಗುಲಾಬಿ, ಬೂದು ಹಾಕಿ "ಹಳದಿ ಕೆಂಪು ತುಂಬಾ ಕಾಮನ್" ಅನ್ನೋ ಡಿಸೈನರ್ ಇದ್ರೆ, ಆ ಹತ್ತು ಅಡಿಯಲ್ಲಿ ಸಾರ್ ಗೆಲ್ತಾರೆ. ಗೆಲ್ಲಬೇಕು ಕೂಡ. ಅದು ರಾಜ್ಯೋತ್ಸವ ಅಂತ ಓದದೇ ಗೊತ್ತಾಗೋದು ಆ ಎರಡು ಬಣ್ಣದಿಂದಲೇ.

ದುಡ್ಡಿನ ವಿಷಯ ಮುಜುಗರ ಅಂತ ಯಾರೂ ಮಾತಾಡಲ್ಲ, ಆದ್ರೆ ಎಷ್ಟೋ ಜಗಳ ಹುಟ್ಟೋದು ಅಲ್ಲೇ. ಫ್ರೀಯಾಗಿ ಮಾಡಿಕೊಟ್ಟರೆ ತಿದ್ದುಪಡಿಗೆ ಕೊನೆ ಇರಲ್ಲ, ಯಾಕೆ ಅಂದ್ರೆ ಪ್ರತಿ ಬದಲಾವಣೆಯ ಬೆಲೆ ಸೊನ್ನೆ. ಹೊರಗಿನ ಕೆಲಸ ಹಿಡಿಯೋ ಸೀನಿಯರ್ ಒಬ್ಬರು ಮಾಡೋದು ನಮಗೆ ಇಷ್ಟ ಆಯ್ತು. ಅರ್ಧ ದುಡ್ಡು ಮೊದಲೇ ತಗೊಳ್ತಾರೆ. ಎರಡು ಸಲ ತಿದ್ದಿಕೊಡ್ತೀನಿ, ಮೂರನೇ ಸಲಕ್ಕೆ ಎಕ್ಸ್‌ಟ್ರಾ ಅಂತ ಮೆಸೇಜಿನಲ್ಲಿ ಬರೆದು, ಅವರಿಂದ ಓಕೆ ಬಂದ ಮೇಲೆ ಕೆಲಸ ಶುರು. ಫೋನ್‌ನಲ್ಲಿ ಹೇಳಿದ್ದನ್ನೆಲ್ಲ ಕೂಡಲೇ ಬರೆದು "ಇಷ್ಟೇ ಅಲ್ವಾ ಅಣ್ಣಾ?" ಅಂತ ವಾಪಸ್ ಕಳಿಸ್ತಾರೆ. ಫೋನ್ ನಂಬರ್, ದಿನಾಂಕ, ಹೆಸರಿನ ಕಾಗುಣಿತ ತಪ್ಪಿದ್ರೆ ಮಾತ್ರ ಯಾವ ಲೆಕ್ಕಕ್ಕೂ ಸೇರಿಸದೆ ಆ ಕ್ಷಣವೇ ಸರಿ ಮಾಡ್ತಾರೆ. ಎರಡೇ ಸಲ ಅಂತ ಗೊತ್ತಾದ ಮೇಲೆ ಕ್ಲೈಂಟ್‌ಗಳೂ ಯೋಚನೆ ಮಾಡಿ, ಮನೆಯವರನ್ನೆಲ್ಲ ಕೇಳಿ, ಒಟ್ಟಿಗೆ ಹೇಳ್ತಾರಂತೆ.

ಈ ಸಲದ ಫೆಸ್ಟ್‌ಗೆ ನಮ್ಮ ಟೀಮ್ ಇದನ್ನೇ ಕಾಲೇಜಿಗೆ ಹೊಂದಿಸ್ಕೊಂಡಿದೆ. ಪೋಸ್ಟರ್ ಬೇಕಾದ ಕ್ಲಬ್‌ನಿಂದ ಒಬ್ಬರೇ ಮಾತಾಡಬೇಕು, ಫ್ಯಾಕಲ್ಟಿ ಏನಂದ್ರು ಅಂತ ಮೊದಲ ಡ್ರಾಫ್ಟ್‌ಗೇ ಹೇಳಬೇಕು, ತಿದ್ದುಪಡಿ ಎರಡು ಸಲ. ಏನೋ ಮಿಸ್ಸಿಂಗ್ ಅಂತ ಹೇಳಬಹುದು, ಧಾರಾಳವಾಗಿ ಹೇಳಿ. ಅದೇನು ಅಂತ ಹುಡುಕೋಕೆ ನಾವು ಎರಡು ಪ್ರಶ್ನೆ ಜಾಸ್ತಿ ಕೇಳ್ತೀವಿ, ಬೇಜಾರು ಮಾಡ್ಕೋಬೇಡಿ. ಸ್ಪಾನ್ಸರ್ ಲೋಗೋಗಳನ್ನ ಎಸ್‌ವಿಜಿ ಅಥವಾ ಪಿಎನ್‌ಜಿ ಫೈಲ್ ಆಗಿ ಕಳ್ಸಿ. ವಿಸಿಟಿಂಗ್ ಕಾರ್ಡಿನ ಫೋಟೋ ಹೊಡೆದು ಕಳ್ಸಿದ್ರೆ ಅದನ್ನ ದೊಡ್ಡದು ಮಾಡೋಕಾಗಲ್ಲ.