ಅಂಗದಾನದ ಭಾರ ಯಾರ ಮೇಲೆ?

ಅಂಗದಾನವನ್ನು ಕುರಿತ ನಮ್ಮ ಸಭೆಗಳಲ್ಲಿ ಶಿಬಿ ಚಕ್ರವರ್ತಿಯೂ ದಧೀಚಿ ಮಹರ್ಷಿಯೂ ತಪ್ಪದೆ ಬಂದು ಹೋಗುತ್ತಾರೆ. ಅವರ ತ್ಯಾಗ ವಂದನೀಯವಾದದ್ದು, ಸಂದೇಹವಿಲ್ಲ. ಆದರೆ ಪ್ರಕೃತ ವಿಷಯಕ್ಕೆ ಆ ನಿದರ್ಶನಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆಯೆಂದು ನನ್ನ ಭಾವನೆ. ಶಿಬಿ ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಯಲ್ಲಿಟ್ಟದ್ದು ಬದುಕಿರುವಾಗ. ದಧೀಚಿಯಾದರೋ ವಜ್ರಾಯುಧಕ್ಕೆ ಬೇಕಾದ ಅಸ್ಥಿಗಳಿಗಾಗಿ ಪ್ರಾಣವನ್ನೇ ಬಿಟ್ಟವನು. ಮರಣಾನಂತರದ ಅಂಗದಾನ ನಮ್ಮಿಂದ ಬೇಡುವುದು ಆ ನೋವನ್ನಲ್ಲ, ಆ ಸಾಹಸವನ್ನೂ ಅಲ್ಲ. ಇನ್ನೊಂದು ದಿನ ಕಳೆಯುವುದರೊಳಗೆ ಚಿತೆಗೋ ಗೋರಿಗೋ ಸಲ್ಲತಕ್ಕ ಹೃದಯ, ಯಕೃತ್ತು, ಮೂತ್ರಪಿಂಡಗಳನ್ನು ಅವುಗಳಿಂದ ಬದುಕಬಲ್ಲವರಿಗೆ ಬಿಟ್ಟುಕೊಡಿ ಎಂಬ ಇಷ್ಟು ಸಾಧಾರಣವಾದ ಕೋರಿಕೆಯನ್ನು ಪುರಾಣಪುರುಷರ ಎತ್ತರಕ್ಕೆ ಏರಿಸಿದೊಡನೆ, ಸಾಮಾನ್ಯ ಗೃಹಸ್ಥನು ಅದು ಮಹಾತ್ಮರ ಕೆಲಸವೆಂದು ಕೈಮುಗಿದು ಮನೆಗೆ ಹೋಗಿಬಿಡುತ್ತಾನೆ.

ಅವನು ಹೋದಮೇಲೆ ಆ ಭಾರವನ್ನು ಹೊರುವವರು ಯಾರು? ನಮ್ಮ ದೇಶದಲ್ಲಿ 2023ರಲ್ಲಿ 18,000ಕ್ಕೂ ಮಿಕ್ಕು ಅಂಗಕಸಿಗಳು ನಡೆದವು; ಆ ವರ್ಷ ಮರಣಾನಂತರ ಅಂಗಗಳನ್ನು ಕೊಟ್ಟವರ ಸಂಖ್ಯೆ 1,000ವನ್ನು ಸ್ವಲ್ಪವೇ ದಾಟಿತ್ತು. ಒಬ್ಬ ಮೃತನಿಂದ ಹಲವರಿಗೆ ಅಂಗಗಳು ದೊರೆಯುತ್ತವೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಕಸಿಗಳಲ್ಲಿ ಬಹುಪಾಲು ಬದುಕಿರುವವರ ಒಡಲನ್ನು ಕೊಯ್ದು ತೆಗೆದ ಮೂತ್ರಪಿಂಡದಿಂದ, ಇಲ್ಲವೆ ಯಕೃತ್ತಿನ ಭಾಗದಿಂದ ಆದವು. ಈ ಜೀವಂತ ದಾನಿಗಳಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು. 1995ರಿಂದ 2021ರವರೆಗಿನ ಅಂಕಿಗಳನ್ನು ನೋಡಿದರೆ, ಅಂಗವನ್ನು ಪಡೆದ ಐವರಲ್ಲಿ ಸುಮಾರು ನಾಲ್ವರು ಗಂಡಸರು. ‘ದುಡಿಯುವವನು ಅವನು, ಅವನಿಗೇ ಏನಾದರೂ ಆದರೆ ಮನೆಯ ಗತಿಯೇನು’ ಎಂಬ ಮಾತು ಅಡುಗೆಮನೆಯ ಬಾಗಿಲಲ್ಲಿ ಒಮ್ಮೆ ಕೇಳಿಬಂದರೆ ಸಾಕು, ಸೊಸೆಯಾದವಳ ಒಪ್ಪಿಗೆ ಅಲ್ಲಿಗೇ ಮುಗಿಯಿತು. ಅನುಮತಿ ಸಮಿತಿಯ ಮುಂದೆ ಅವಳು ‘ನನ್ನ ಇಷ್ಟದಿಂದಲೇ ಕೊಡುತ್ತಿದ್ದೇನೆ’ ಎಂದು ಹೇಳಿದಾಗ ಅದು ಸುಳ್ಳೂ ಅಲ್ಲ, ಪೂರ್ಣಸತ್ಯವೂ ಅಲ್ಲ; ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದವಳ ಒಪ್ಪಿಗೆಯನ್ನು ದಾನವೆಂದು ಕರೆಯುವುದಕ್ಕೆ ನೀತಿಬುದ್ಧಿ ಹಿಂಜರಿಯಬೇಕು.

ಮನೆಯೊಳಗೆ ಹೆಂಗಸಾದರೆ ಮನೆಯ ಹೊರಗೆ ಬಡವ. ದುಡ್ಡುಳ್ಳವನಿಗೆ ಮೂತ್ರಪಿಂಡವನ್ನು ಮಾರಿ ಸಾಲ ತೀರಿಸಲು ಹೊರಟವರ ಕಥೆಗಳು ದೇಶದ ನಾನಾ ಭಾಗಗಳಿಂದ ಹೊರಬಿದ್ದಮೇಲೆಯೇ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು. ಆ ಕಾಯ್ದೆ ಅಂಗಗಳ ಕ್ರಯವಿಕ್ರಯವನ್ನು ಅಪರಾಧವೆಂದು ಸಾರಿತು. ಆದರೆ ಬೇಡಿಕೆ ಇದ್ದಲ್ಲಿ ದಲ್ಲಾಳಿಯನ್ನು ಕಾನೂನೊಂದೇ ಓಡಿಸಲಾರದು. ಮೃತರು ಕೊಡಬಹುದಾದದ್ದನ್ನು ನಾವು ಸುಟ್ಟೋ ಹೂತೋ ಮುಗಿಸುತ್ತಿರುವವರೆಗೂ ಬದುಕಿರುವವರಲ್ಲಿ ಅತ್ಯಂತ ದುರ್ಬಲರಾದವರ ಒಡಲಿನಿಂದಲೇ ಆ ಕೊರತೆ ತುಂಬಬೇಕಾಗುತ್ತದೆ. ಮರಣಾನಂತರದ ಅಂಗದಾನವನ್ನು ನಾನು ಕಾರುಣ್ಯಕ್ಕಿಂತ ಮೊದಲು ನ್ಯಾಯದ ವಿಷಯವೆಂದು ಎಣಿಸುವುದು ಇದಕ್ಕಾಗಿ.

ಇಲ್ಲಿ ಎದುರಾಗುವ ಮೊದಲನೆಯ ಸಂಶಯ ಸಾವನ್ನೇ ಕುರಿತದ್ದು. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮಗ ಐಸಿಯುವಿನಲ್ಲಿ ಮಲಗಿದ್ದಾನೆ, ವೆಂಟಿಲೇಟರಿನ ಲಯಕ್ಕೆ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಮಾನಿಟರಿನ ಮೇಲೆ ಹೃದಯದ ಗೆರೆ ಓಡುತ್ತಿದೆ. ಇವನು ತೀರಿಕೊಂಡನೆಂದರೆ ಯಾವ ತಂದೆ ನಂಬಿಯಾನು? ಆದ್ದರಿಂದಲೇ ಕಾನೂನು ಇಲ್ಲಿ ಅತಿಯಾದ ಎಚ್ಚರಿಕೆಯನ್ನು ವಿಧಿಸಿದೆ. ನಾಲ್ವರು ವೈದ್ಯರ ಮಂಡಲಿ ನೋಡಬೇಕು. ಕಸಿ ಮಾಡುವ ತಂಡದವರಾರೂ ಅದರಲ್ಲಿ ಇರಕೂಡದು. ಕಣ್ಣಿಗೆ ಟಾರ್ಚು ಬಿಟ್ಟು ಪಾಪೆ ಕುಗ್ಗುವುದೇ ಎಂದು ನೋಡುತ್ತಾರೆ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆಯನ್ನು ಮುಟ್ಟಿ ರೆಪ್ಪೆ ಮಿಟುಕುವುದೇ ಎಂದು ಕಾಯುತ್ತಾರೆ. ಕಿವಿಯೊಳಕ್ಕೆ ತಣ್ಣೀರನ್ನು ಬಿಟ್ಟು ಕಣ್ಣು ಹೊರಳುವುದೇ ಎಂದು ಪರೀಕ್ಷಿಸುತ್ತಾರೆ. ಕೊನೆಗೆ ವೆಂಟಿಲೇಟರನ್ನು ಬೇರ್ಪಡಿಸಿ, ಆಮ್ಲಜನಕವನ್ನು ಮಾತ್ರ ಕೊಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಮಿದುಳು ಒಂದೇ ಒಂದು ಉಸಿರಿಗೆ ಆಜ್ಞೆ ಕೊಡುವುದೇ ಎಂದು ಎದೆಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ. ಈ ಪರೀಕ್ಷೆಗಳೆಲ್ಲವನ್ನೂ ಕನಿಷ್ಠ 6 ಗಂಟೆಗಳ ತರುವಾಯ ಮತ್ತೊಮ್ಮೆ ಮಾಡತಕ್ಕದ್ದು. ಕೋಮಾದಲ್ಲಿರುವವನು ಎಚ್ಚರಗೊಳ್ಳಬಹುದು, ಈ ಪರೀಕ್ಷೆಗಳನ್ನು ಎರಡು ಸಲವೂ ಮುಗಿಸಿ ಮಿದುಳು ಸತ್ತಿದೆಯೆಂದು ನಿರ್ಣಯವಾದವನು ಮರಳುವುದಿಲ್ಲ.

ಎರಡನೆಯ ಆಕ್ಷೇಪ ಸಂಸ್ಕಾರದ್ದು: ಅಂಗಹೀನವಾದ ದೇಹಕ್ಕೆ ಸದ್ಗತಿಯಿಲ್ಲ, ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗುತ್ತಾನೆ ಎಂಬ ಮಾತು. ಆತ್ಮವು ದೇಹವನ್ನು ಹಳೆಯ ಬಟ್ಟೆಯಂತೆ ಕಳಚುತ್ತದೆಂದು ಸಾವಿನ ಮನೆಯಲ್ಲಿ ಪಾರಾಯಣ ಮಾಡಿಸುವ ನಾವೇ ಆ ಬಟ್ಟೆ ಎಲ್ಲಿಯೂ ಹರಿಯಬಾರದೆಂದು ಹಠ ಹಿಡಿಯುವುದು ವಿಚಿತ್ರವಲ್ಲವೆ? ಕನ್ನಡಿಗರ ಮಟ್ಟಿಗೆ ಈ ಭಯವನ್ನು ಶಾಸ್ತ್ರಾರ್ಥಕ್ಕಿಂತ ಹೆಚ್ಚಾಗಿ ಸಡಿಲಿಸಿದ್ದು ಒಂದು ಮನೆತನದ ನಡತೆ. 2006ರಲ್ಲಿ ನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್‌ನಲ್ಲಿ ಅವರ ಮಗ ಪುನೀತ್ ಅಕಾಲಮರಣಕ್ಕೆ ಈಡಾದಾಗ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ತರುವಾಯ ಹಳ್ಳಿಹಳ್ಳಿಯ ತರುಣರು ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದರು. ಅದೇ ವರ್ಷದ ಜೂನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಕುಟುಂಬದವರು ಅವರ ಅಂಗಗಳನ್ನು ಕೊಟ್ಟರು. ಈ ಎರಡು ಬಗೆಯ ದಾನಗಳ ಭೇದವನ್ನು ಓದುಗರು ಗಮನಿಸಬೇಕು: ಕಣ್ಣನ್ನು ಹೃದಯ ನಿಂತ 6 ಗಂಟೆಗಳೊಳಗೆ ಎಲ್ಲಿ ಬೇಕಾದರೂ, ಮನೆಯಲ್ಲಿಯೇ ತೆಗೆದುಕೊಳ್ಳಬಹುದು, ಹೃದಯ, ಯಕೃತ್ತು ಮೊದಲಾದವು ನಮ್ಮಲ್ಲಿ ದೊರೆಯುವುದು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಿದುಳು ಸತ್ತವರಿಂದ ಮಾತ್ರ.

ಮೂರನೆಯ ಶಂಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಕೊಡುವವನು ಹೆಲ್ಮೆಟ್ಟಿಲ್ಲದೆ ಬಿದ್ದ ಕೂಲಿಯವನ ಮಗ, ಪಡೆಯುವವನು ದೊಡ್ಡ ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟಬಲ್ಲವನು ಎಂಬ ಮಾತಿನಲ್ಲಿ ನಿಜಾಂಶವುಂಟು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಸರದಿಯ ಪಟ್ಟಿಯನ್ನು ಇಟ್ಟು ಅಂಗಗಳನ್ನು ಹಂಚುತ್ತದೆ, ಶ್ರೀಮಂತನಾದವನು ಪಟ್ಟಿಯಲ್ಲಿ ಹಾರಿ ಮುಂದೆ ಬರಲಾಗದು. ಆದರೆ ಪಟ್ಟಿಯೊಳಕ್ಕೆ ಬರುವುದಕ್ಕೇ, ಕಸಿಯ ಅನಂತರ ಜೀವಮಾನವಿಡೀ ನುಂಗಬೇಕಾದ ಔಷಧಿಗಳಿಗೇ ಹಣ ಬೇಕಲ್ಲ? ಸರ್ಕಾರಿ ಆಸ್ಪತ್ರೆಗಳಲ್ಲಿ ಕಸಿಯ ವ್ಯವಸ್ಥೆ ಜಿಲ್ಲೆಗಳವರೆಗೆ ಹರಡದೆ, ಬಡವನನ್ನು ಕುರಿತು ‘ಕೊಡು’ ಎನ್ನುವುದಕ್ಕೆ ರಾಜ್ಯಕ್ಕೆ ಪೂರ್ಣವಾದ ಅಧಿಕಾರವಿಲ್ಲ. ಇನ್ನೊಂದು ದೋಷ ಕಾನೂನಿನದು. ಮಿದುಳುಸಾವನ್ನು ನಮ್ಮ ಶಾಸನ ವಿವರಿಸಿರುವುದು ಅಂಗಕಸಿಯ ಕಾಯ್ದೆಯಲ್ಲಿ. ಆದಕಾರಣ ಬಂಧುಗಳ ಕಿವಿಗೆ ಆ ನಿರ್ಣಯವೂ ದಾನದ ಕೋರಿಕೆಯೂ ಒಟ್ಟಿಗೇ ಬೀಳುತ್ತವೆ, ಅಂಗಕ್ಕಾಗಿಯೇ ಸಾವನ್ನು ಘೋಷಿಸಿದರೆಂಬ ಗುಮಾನಿ ಹುಟ್ಟುತ್ತದೆ. ದಾನ ನಡೆಯಲಿ ಬಿಡಲಿ, ಮಿದುಳು ಸತ್ತವರೆಲ್ಲರನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ನಿಯಮ ಬಂದರೆ ಆ ಗುಮಾನಿಗೆ ಎಡೆಯಿರದು.

ಎಲ್ಲರನ್ನೂ ದಾನಿಗಳೆಂದೇ ಭಾವಿಸುವ ಕಾನೂನನ್ನು ತರಬಾರದೇಕೆಂದು ಕೆಲವರು ಕೇಳುತ್ತಾರೆ, ಸ್ಪೇನ್ ದೇಶವನ್ನು ತೋರಿಸುತ್ತಾರೆ. ಅಲ್ಲಿ ಅಂಥ ಕಾನೂನು 1979ರಲ್ಲಿಯೇ ಬಂದದ್ದು ನಿಜ. ಆದರೆ ಆ ದೇಶ ಜಗತ್ತಿನ ಮುಂಚೂಣಿಗೆ ಏರಿದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಾದ ಸಂಯೋಜಕ ವೈದ್ಯರನ್ನು ನೇಮಿಸಿದ ತರುವಾಯ. ಇಂದಿಗೂ ಅಲ್ಲಿ ಕುಟುಂಬವನ್ನು ಕೇಳದೆ ಮುಂದುವರಿಯುವುದಿಲ್ಲ. ಬಲಾತ್ಕಾರದ ಛಾಯೆಯುಳ್ಳ ಕಾನೂನಿಗಿಂತ, ದುಃಖಿತರ ಪಕ್ಕದಲ್ಲಿ ಕುಳಿತು ಅವರ ಭಾಷೆಯಲ್ಲಿ ತಾಳ್ಮೆಯಿಂದ ಮಾತನಾಡಬಲ್ಲ ಒಬ್ಬ ಕೋ-ಆರ್ಡಿನೇಟರ್ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಇರುವುದು ನಮಗೆ ಹೆಚ್ಚು ಅವಶ್ಯಕ.

ಸರ್ಕಾರ ತನ್ನ ಪಾಲನ್ನು ಮಾಡಲಿ. ನಮ್ಮ ಪಾಲಿನದು ಅದಕ್ಕಾಗಿ ಕಾಯಬೇಕಾದದ್ದಲ್ಲ. ಪ್ರತಿಜ್ಞೆಯ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡ ಮಾತ್ರಕ್ಕೆ ದಾನವಾಗುವುದಿಲ್ಲ, ಆಸ್ಪತ್ರೆಯವರು ಕೊನೆಗೆ ಕೇಳುವುದು ಮನೆಯವರನ್ನು. ಮತ್ತು ಆ ಗಳಿಗೆಯಲ್ಲಿ ಮನೆಯವರಿಗೆ ‘ಅವನ ಇಚ್ಛೆ ಏನಿತ್ತು’ ಎಂಬುದೊಂದು ತಿಳಿದಿದ್ದರೆ ಅವರ ಸಂಕಟ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಅಪಶಕುನವೆಂದು ಹೆದರದೆ, ಹೆಂಡತಿಗೆ, ಗಂಡನಿಗೆ, ಬೆಳೆದ ಮಕ್ಕಳಿಗೆ ಈ ಮಾತನ್ನು ಒಮ್ಮೆ ಸ್ಪಷ್ಟವಾಗಿ ಹೇಳಿಡುವುದು ಎಲ್ಲ ಗೃಹಸ್ಥರ ಕರ್ತವ್ಯ. ಹಾಗೆ ಹೇಳದೆ ಉಳಿದವನು ತಾನು ಯಾರಿಂದಲೂ ಏನನ್ನೂ ಕಸಿದುಕೊಂಡಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅವನು ಕೊಡದ ಮೂತ್ರಪಿಂಡಕ್ಕೆ ಬದಲಾಗಿ ಎಲ್ಲಿಯೋ ಒಬ್ಬ ತಾಯಿಯೋ ಸೊಸೆಯೋ ತನ್ನದನ್ನು ಕೊಡಬೇಕಾಗಿ ಬರುತ್ತದೆ.