ಅನಮೋಡದ ಮನೆಗೆ ತಜ್ಞರ ಮಾತು ತಲುಪುವುದು ಯಾವಾಗ?

2025ರ ಜುಲೈ ತಿಂಗಳ ಮಳೆಗೆ ಅನಮೋಡ ಘಟ್ಟದ ಹೆದ್ದಾರಿ ಗೋವಾ ಭಾಗದಲ್ಲಿ ಕುಸಿದು, ಭಾರಿ ವಾಹನಗಳ ಸಂಚಾರವನ್ನು ನಿಲ್ಲಿಸಬೇಕಾಯಿತು. ಈ ಮಣ್ಣಿನಲ್ಲಿ, ಈ ಮಳೆಯಲ್ಲಿ ರಸ್ತೆಯನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆ ಆಗ ಸಹಜವಾಗಿಯೇ ಎದ್ದಿತು. ಆದರೆ ಅದೇ ಮಣ್ಣು, ಅದೇ ಮಳೆಯ ನಡುವೆ ಬದುಕುವ ಜೋಯಿಡಾ ತಾಲೂಕಿನ ಜನ ತಮ್ಮ ಮನೆಯನ್ನು ಹೇಗೆ ಕಟ್ಟಿಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ತಜ್ಞರ ವೇದಿಕೆಗೆ ಬರುವುದು ಅಪರೂಪ.

ಒಂದು ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಗಡಿ ದಾಟಿದರೆ ಗೋವಾದ ಮೊಲೆಮ್ ರಾಷ್ಟ್ರೀಯ ಉದ್ಯಾನ. ಇವುಗಳ ನಡುವಿನ ಅನಮೋಡದಂಥ ಊರುಗಳ ಬಗ್ಗೆ ನಡೆದಷ್ಟು ತಜ್ಞ ಚರ್ಚೆ ಬೇರೆಡೆ ನಡೆದಿರಲಾರದು. ಹುಲಿ, ಕಾಡು, ರೈಲುಮಾರ್ಗ, ವಿದ್ಯುತ್ ಮಾರ್ಗ ಎಲ್ಲದರ ಬಗ್ಗೆಯೂ ವರದಿಗಳಿವೆ. ಕೊರತೆಯಿರುವುದು ಆ ತಜ್ಞತೆ ಊರಿನೊಡನೆ ಮಾತನಾಡುವ ಬಗೆಯಲ್ಲಿ.

ಇದಕ್ಕೆ ಪಶ್ಚಿಮ ಘಟ್ಟಗಳ ವರದಿಗಳ ಕಥೆಯೇ ಸಾಕ್ಷಿ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಸಲ್ಲಿಸಿದ ವರದಿಯಲ್ಲಿ ಕಟ್ಟಡಗಳ ಕುರಿತೂ ಒಂದು ಸಲಹೆಯಿತ್ತು. ಉಕ್ಕು, ಸಿಮೆಂಟ್ ಮತ್ತು ಮರಳಿನ ಬಳಕೆಯನ್ನು ತಗ್ಗಿಸುವ, ಮಳೆನೀರು ಸಂಗ್ರಹ ಮತ್ತು ತ್ಯಾಜ್ಯ ನಿರ್ವಹಣೆಯನ್ನು ಒಳಗೊಂಡ ಕಟ್ಟಡ ಸಂಹಿತೆಯೊಂದನ್ನು ರೂಪಿಸಬೇಕು, ಅದರ ವಿವರಗಳನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಪರಿಸ್ಥಿತಿಗೆ ತಕ್ಕಂತೆ ನಿರ್ಧರಿಸಬೇಕು ಎಂಬುದು ಅದರ ತಿರುಳು. ಗ್ರಾಮಸಭೆಗಳಲ್ಲಿ ಸಾವಧಾನವಾಗಿ ಚರ್ಚೆಯಾಗಬೇಕಿದ್ದ ಈ ಸಲಹೆ, ಗಡಿರೇಖೆಗಳ ಜಗಳದಲ್ಲಿ ಕಳೆದುಹೋಯಿತು.

2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಅದರ ಆಧಾರದ ಮೇಲೆ ಕೇಂದ್ರ ಸರಕಾರ 2014ರಿಂದ 2024ರ ಜುಲೈ 31ರವರೆಗೆ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಆಕ್ಷೇಪಣೆಗೆ 60 ದಿನಗಳ ಅವಕಾಶ. ಇನ್ನು ಮನೆ ಕಟ್ಟುವಂತಿಲ್ಲ, ಸೂರು ರಿಪೇರಿ ಮಾಡುವಂತಿಲ್ಲ ಎಂಬ ಭಯ ಘಟ್ಟದ ಹಳ್ಳಿಗಳಲ್ಲಿ ಹಬ್ಬಿತು. ಕರಡಿನಲ್ಲಿ ಇದ್ದದ್ದೇನು? ನಿಷೇಧ ಅನ್ವಯಿಸುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಈಗಿರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ ಪ್ರಚಲಿತ ಕಾನೂನಿನ ಮಿತಿಯಲ್ಲಿ ಅಡ್ಡಿಯಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅಂದರೆ ತನ್ನ ಮನೆಗಿಂತ 800 ಪಟ್ಟು ದೊಡ್ಡ ಕಟ್ಟಡದ ಮೇಲಿನ ನಿಷೇಧಕ್ಕೆ ಬಡವ ಹೆದರಿದ್ದ. ಇದನ್ನು ಅವನ ಅಜ್ಞಾನ ಎನ್ನುವುದು ಅನ್ಯಾಯ. ವಿವರಿಸಿ ಹೇಳಬೇಕಾದವರು ಅವನ ಊರಿಗೆ ಬರಲಿಲ್ಲ. ಕೊನೆಗೆ 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಭಯ ತಗ್ಗಿರಬಹುದು. ಮನೆ ಹೇಗಿರಬೇಕೆಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಭಾಷೆಯೂ ಇಲ್ಲಿ ಸಣ್ಣ ಸಂಗತಿಯಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕೆಂಬ ವಿವಾದ ದೆಹಲಿ ಮತ್ತು ಕರ್ನಾಟಕ ಹೈಕೋರ್ಟ್‌ಗಳ ಮೆಟ್ಟಿಲೇರಿತು. ಆ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ಜೋಯಿಡಾದ ಕುಣಬಿ ಜನರ ಮನೆಮಾತು ಕೊಂಕಣಿ, ಕಚೇರಿಯ ಭಾಷೆ ಕನ್ನಡ, ತಜ್ಞರ ವರದಿ ಇಂಗ್ಲಿಷಿನಲ್ಲಿ. ಮೂರು ಭಾಷೆಗಳನ್ನು ದಾಟಿ ಬರುವಷ್ಟರಲ್ಲಿ ಆಕ್ಷೇಪಣೆಯ ಅವಧಿಯೇ ಮುಗಿದಿರುತ್ತದೆ.

ಮನೆಯ ಪ್ರಶ್ನೆಯನ್ನೇ ನೋಡಬಹುದು. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಹುಲ್ಲು ಅಥವಾ ಹಂಚಿನ ಮಾಡು ಇಲ್ಲಿಯ ಪರಂಪರೆ. ಸರಕಾರಿ ಸಮೀಕ್ಷೆಯ ದೃಷ್ಟಿಯಲ್ಲಿ ಮಣ್ಣಿನ ಗೋಡೆ ಎಂದರೆ ಕಚ್ಚಾ ಮನೆ. ಹೀಗಾಗಿ ಪಕ್ಕಾ ಮನೆ ಎಂದರೆ ಸಿಮೆಂಟ್ ಗೋಡೆ, ತಗಡು ಅಥವಾ ಆರ್‌ಸಿಸಿ ಚಾವಣಿ ಎಂಬ ನಂಬಿಕೆ ಬೇರೂರಿದೆ. ಆದರೆ ಆವಾಸ್ ಯೋಜನೆಯ ಮಾರ್ಗಸೂಚಿ ಸಿಮೆಂಟನ್ನೇ ಬಳಸಬೇಕೆಂದು ಹೇಳುವುದಿಲ್ಲ. ಸಾಧಾರಣ ನಿರ್ವಹಣೆಯೊಂದಿಗೆ ಕನಿಷ್ಠ 30 ವರ್ಷ ಬಾಳಿದರೆ ಅದು ಪಕ್ಕಾ ಮನೆ. ಗುತ್ತಿಗೆದಾರರನ್ನು ತೊಡಗಿಸುವಂತಿಲ್ಲ, ಮನೆಯವರೇ ಕಟ್ಟಿಕೊಳ್ಳಬೇಕು ಎಂದೂ ಅದು ಹೇಳುತ್ತದೆ.

ಆ 30 ವರ್ಷದ ಪರೀಕ್ಷೆಯಲ್ಲಿ ಗೆಲ್ಲಬಲ್ಲ ಮಣ್ಣಿನ ವಿದ್ಯೆ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕ, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಇಟ್ಟಿಗೆಯನ್ನು ಬೆಳೆಸಿತು. ಇದನ್ನು ಸುಡಬೇಕಿಲ್ಲ, ಆದ್ದರಿಂದ ಸೌದೆಯೂ ಬೇಕಿಲ್ಲ. ಘಟ್ಟದ ಮಳೆಗೆ ಇದಷ್ಟೇ ಸಾಲದು ಎಂಬುದು ನಿಜ. ಚಿರೇಕಲ್ಲಿನ ಎತ್ತರದ ಅಡಿಪಾಯ, ಗೋಡೆಯನ್ನು ಕಾಯುವಷ್ಟು ಮುಂದಕ್ಕೆ ಚಾಚಿದ ಮಾಡು, ಒಲೆಯ ಹೊಗೆ ಹೊರಹೋಗುವ ದಾರಿ ಬೇಕು. ತೇವ ಮತ್ತು ಹೊಗೆ ತುಂಬಿದ ಮನೆಯಲ್ಲಿ ಮೊದಲು ಕೆಮ್ಮುವವರು ಹೆಂಗಸರು ಮತ್ತು ಮಕ್ಕಳು. ಮನೆಯ ವಿನ್ಯಾಸ ಊರಿನ ಆರೋಗ್ಯದ ವಿಷಯವಾಗುವುದು ಇಲ್ಲಿಯೇ. ಹಳೆಯ ಮನೆಗಳ ಮಾಡು ಎಷ್ಟು ಚಾಚಬೇಕೆಂದು ಬಲ್ಲವರು ಊರಿನಲ್ಲಿದ್ದಾರೆ, ಮಣ್ಣಿನ ಬಲವನ್ನು ಅಳೆಯಬಲ್ಲವರು ನಗರದಲ್ಲಿದ್ದಾರೆ. ಇಬ್ಬರೂ ಒಂದೆಡೆ ಕೂರಬೇಕಾದ ಅಗತ್ಯವಿದೆ.

ಇದೆಲ್ಲಕ್ಕೂ ಮೊದಲಿನ ತೊಡಕು ನೆಲದ್ದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಗೋವಾದಲ್ಲಿ 2003ರಲ್ಲಿಯೇ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಕುಣಬಿಗಳು, ಗಡಿಯ ಈಚೆ ಅದೇ ಮಾನ್ಯತೆಗಾಗಿ ದೀರ್ಘಕಾಲದಿಂದ ಹೋರಾಡುತ್ತಾ ಬಂದಿದ್ದಾರೆ. ಕಾಲಡಿಯ ನೆಲ ತನ್ನದೋ ಅಲ್ಲವೋ ಎಂದು ತಿಳಿಯದವನಿಗೆ 30 ವರ್ಷ ಬಾಳುವ ಗೋಡೆಯ ಬಗ್ಗೆ ಉಪನ್ಯಾಸ ನೀಡುವುದು ವ್ಯರ್ಥ.

ಹೊಸ ಸಮಿತಿ, ಹೊಸ ಕಾನೂನು ಇದಕ್ಕೆ ಬೇಕಿಲ್ಲ. ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ, ಆವಾಸ್ ಪಟ್ಟಿಯನ್ನು ಪರಿಶೀಲಿಸುವುದೂ ಗ್ರಾಮಸಭೆ. ಅದೇ ಸಭೆಗೆ ಮಳೆಗಾಲಕ್ಕೆ ಮುನ್ನ ಒಬ್ಬ ಎಂಜಿನಿಯರ್, ಒಬ್ಬ ಆರೋಗ್ಯಾಧಿಕಾರಿ, ಒಬ್ಬ ಅರಣ್ಯಾಧಿಕಾರಿ ಬಂದು, ಕೊಂಕಣಿ ಬಲ್ಲವರ ನೆರವಿನೊಂದಿಗೆ ಜನರ ಪ್ರಶ್ನೆಗೆ ಉತ್ತರಿಸಲಿ. ತೀರ್ಮಾನವಾದ ಮೇಲೆ ಜನರನ್ನು ಕರೆದು ನಡೆಸುವ ಸಭೆ ಸಂವಾದವಾಗುವುದಿಲ್ಲ, ಪ್ರಕಟಣೆಯಾಗುತ್ತದೆ. ಹತ್ತು ವರ್ಷಗಳಲ್ಲಿ ಆರು ಕರಡುಗಳನ್ನು ಕಂಡ ಘಟ್ಟದ ಜನಕ್ಕೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತು. ಜಿಲ್ಲಾಡಳಿತ ಅದನ್ನು ಅರಿಯುವುದೇ?