ಊರು ಎಲ್ಲಿಗೂ ಹೋಗಿರುವುದಿಲ್ಲ



ಈ ಸಲ ನಿಮ್ಮ ಮುಂದೆ ನನ್ನದೊಂದು ಫಜೀತಿ ಹೇಳಿಕೊಳ್ಳುತ್ತೇನೆ. ಐವತ್ತು ದಾಟಿದ ಮೇಲೆ ನಕ್ಷೆ ಬರೆಯಲು ಕುಳಿತವಳ ಕಥೆ ಇದು.

2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಯಾರು ಬೇಕಾದರೂ ತಮ್ಮೂರಿನ ಬೀದಿ, ಕೆರೆ, ಗುಡಿಗಳನ್ನು ಅದರಲ್ಲಿ ಗುರುತಿಸಬಹುದು, ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು. ರಾಯಚೂರು ಜಿಲ್ಲೆಯ ನನ್ನ ತವರಿನ ಹೆಸರು ಅಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಬರೆದೇಬಿಡೋಣ ಎನ್ನಿಸಿತು.

ಮಗಳು ಕಂಪ್ಯೂಟರಿನಲ್ಲಿ ಅದನ್ನು ತೆರೆದುಕೊಟ್ಟು, "ಪ್ಯಾನ್ ಮಾಡಮ್ಮಾ, ಜೂಮ್ ಮಾಡಮ್ಮಾ, ಅಷ್ಟೇ" ಎಂದು ಹೇಳಿ ಆಫೀಸಿಗೆ ಹೋದಳು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳಾದರೂ ಪ್ಯಾನ್ ಎಂದರೆ ನನಗೆ ಬಾಣಲೆಯೇ! ಇದು ಪನೋರಮಾ ಎಂಬ ಮಾತಿನ ತುಂಡೆಂದು ಆಮೇಲೆ ನಿಘಂಟು ನೋಡಿ ತಿಳಿದೆ. ಮೌಸಿನ ಗಾಲಿ ತಿರುಗಿಸಿದೆ, ಹಳ್ಳಿ ಮಾಯ. ಎಳೆದೆ, ಬರೀ ಹೊಲಗಳು. ಗಾಬರಿಯಲ್ಲಿ ಇನ್ನೊಮ್ಮೆ ಎಳೆದಾಗ ಒಂದು ಗುಡಿಯ ಚುಕ್ಕೆಯೇ ಕೈಗೆ ಸಿಕ್ಕಿ ಹೊಲದ ನಡುವೆ ಹೋಗಿ ಕೂತಿತು. ನಕ್ಷೆ ಸರಿಸಲು ಹೋಗಿ ದೇವರನ್ನೇ ಸರಿಸಿದ್ದೆ! ಪುಣ್ಯಕ್ಕೆ ಇನ್ನೂ ಸೇವ್ ಮಾಡಿರಲಿಲ್ಲ. ಮಾಡಿದ್ದರೆ ನಕ್ಷೆ ನಂಬಿ ಬಂದವರು ಜೋಳದ ಹೊಲದಲ್ಲಿ ನಿಂತು ಗುಡಿ ಹುಡುಕಬೇಕಿತ್ತು. ಎಲ್ಲರೂ ನಂಬುವ ನಕ್ಷೆಯಲ್ಲಿ ನಮ್ಮ ಕೈತಪ್ಪು ಇನ್ನೊಬ್ಬರ ದಾರಿತಪ್ಪು.

ಸಂಜೆ ಮಗಳು ಕಂಟ್ರೋಲ್ ಮತ್ತು ಜೆಡ್ ಒತ್ತಿ ಗುಡಿಯನ್ನು ಸ್ವಸ್ಥಾನಕ್ಕೆ ಕಳುಹಿಸಿ ಪಾಠ ಶುರು ಮಾಡಿದಳು. "ಮೊದಲು ನೋಡೋದು ಕಲಿ, ಬರೆಯೋದು ಆಮೇಲೆ." ಅಭ್ಯಾಸಕ್ಕೆ ನಮ್ಮ ಹೈದರಾಬಾದನ್ನೇ ತೆಗೆದುಕೊಂಡೆವು.

ಕಾಚಿಗುಡದಿಂದ ತುಸು ದಕ್ಷಿಣಕ್ಕೆ ಇಳಿದರೆ ಮೂಸಿ ನದಿ. ಅದರ ಗುಂಟ ಪಶ್ಚಿಮಕ್ಕೆ ಹೋಗಬೇಕೆಂದರೆ ನಕ್ಷೆಯನ್ನು ಬಲಕ್ಕೆ ಎಳೆಯಬೇಕು. ಇದೇ ನನ್ನನ್ನು ಕಾಡಿದ್ದು. ರೈಲಿನ ಕಿಟಕಿ ನೆನೆಸಿಕೊಳ್ಳಿ. ನಾವು ಮುಂದೆ ಹೋದಂತೆ ಮರಗಳು ಹಿಂದೆ ಓಡುತ್ತವಲ್ಲ, ಹಾಗೆ. ಹೈಕೋರ್ಟು, ಪುರಾನಾಪುಲ್ ದಾಟಿ ಲಂಗರ್‌ಹೌಸಿನ ಬಾಪು ಘಾಟ್ ಬಳಿ ಈಸಿ ನದಿ ಬಂದು ಸೇರುತ್ತದೆ. ಒಂದು ಕವಲು ಹಿಡಿದರೆ ಉಸ್ಮಾನ್‌ಸಾಗರ, ಇನ್ನೊಂದು ಹಿಡಿದರೆ ಹಿಮಾಯತ್‌ಸಾಗರ. 1908ರ ಮಹಾಪ್ರವಾಹದ ನಂತರ, 1909ರಲ್ಲಿ ಇಲ್ಲಿಗೆ ಬಂದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯ ಫಲ ಇವೆರಡು ಜಲಾಶಯಗಳು. ಒಂದು 1920ರಲ್ಲಿ, ಇನ್ನೊಂದು 1927ರಲ್ಲಿ ಮುಗಿದವು. ನದಿಯ ಕೈ ಹಿಡಿದು ಹೋದದ್ದರಿಂದ ನಾನು ಒಮ್ಮೆಯೂ ಕಳೆದುಹೋಗಲಿಲ್ಲ.

ಅಂದು ಕಲಿತ ಇನ್ನೆರಡು ಮಾತು. ಗಾಲಿ ತಿರುಗಿಸುವ ಮುನ್ನ ಬಾಣದ ಗುರುತನ್ನು ಬೇಕಾದ ಜಾಗದ ಮೇಲೆ ಇಡಿ, ಅಲ್ಲಿಗೇ ಇಳಿಯುತ್ತೀರಿ. ಜೂಮ್ ಒಂದು ಮೆಟ್ಟಿಲು ಇಳಿದರೆ ಅಳತೆ ಎರಡರಷ್ಟು, ಐದು ಮೆಟ್ಟಿಲಿಗೆ 32ರಷ್ಟು! ಊರು ಮಾಯವಾಗುವುದು ಅದಕ್ಕೇ. ಎರಡನೆಯದು, ದಾರಿ ತಪ್ಪಿದರೆ ಅತ್ತಿತ್ತ ಎಳೆಯಬೇಡಿ, ಮೇಲಕ್ಕೆ ಏರಿ. ನದಿಯೋ ರೈಲು ಹಳಿಯೋ ಕಂಡ ಮೇಲೆ ಮತ್ತೆ ಇಳಿಯಿರಿ. ಊರು ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಕಿಟಕಿ ಸರಿದಿರುತ್ತದೆ ಅಷ್ಟೆ.

ಮರುದಿನ ಹಾಗೇ ಮಾಡಿದೆ. ಮೇಲೇರಿ ಕೃಷ್ಣೆ, ತುಂಗಭದ್ರೆಯರನ್ನು ಕಂಡು, ಅವರಿಬ್ಬರ ನಡುವೆ ಇಳಿದು ತವರು ಮುಟ್ಟಿದೆ. ಹೆಸರನ್ನು ಕನ್ನಡದಲ್ಲಿ ಬರೆದು ಸೇವ್ ಮಾಡಿದಾಗ ಕಣ್ಣು ಮಂಜಾಯಿತು.

ಮಕ್ಕಳೇ, ಈ ಭಾನುವಾರ ನೀವೂ ನಿಮ್ಮ ಅಜ್ಜಿಯ ಊರಿಗೆ ಹೀಗೆ ಹೋಗಿ ಬನ್ನಿ. ಹೆಸರು ಟೈಪ್ ಮಾಡಿ ಹುಡುಕಬೇಡಿ, ನದಿ ಹಿಡಿದು ಹೋಗಿ. ಅಲ್ಲಿ ಕನ್ನಡದ ಹೆಸರು ಇಲ್ಲದಿದ್ದರೆ ಊಹಿಸಿ ಬರೆಯಬೇಡಿ. ಇಂಗ್ಲಿಷಿನ ಒಂದೇ 'ಎಲ್' ಒಳಗೆ ನಮ್ಮ ಲ, ಳ ಎರಡೂ ಅಡಗಿರುತ್ತವೆ. ಯಾವುದೆಂದು ಬಲ್ಲವರು ಅಜ್ಜಿ. ಫೋನ್ ಮಾಡಿ ಕೇಳಿ. ಅವರು ಹೇಳಲು ಇರುವಾಗಲೇ ಕೇಳಿ.